ಗೇಮ್ ಪುನರ್ಜನ್ಮ ಪ್ರಕರಣ

ಹಳೆಯ ವಿಡಿಯೊ ಗೇಮ್ ಹೊಸ ಕನ್ಸೋಲ್‌ನಲ್ಲಿ ಮತ್ತೆ ಹುಟ್ಟುವುದಕ್ಕೆ ಈ ಶಾಸ್ತ್ರದಲ್ಲಿ ಪುನರ್ಜನ್ಮವೆಂದು ಹೆಸರು. ಹೊಸ ಯಂತ್ರಕ್ಕೆ ಹಳೆಯದರ ವೇಷ ತೊಡಿಸಿ ಆಡಿಸುವ ಎಮ್ಯುಲೇಶನ್ನು ಪರಕಾಯಪ್ರವೇಶ. ಚಿತ್ರ ತಿಕ್ಕಿ ಹೊಳಪು ಕೊಡುವ ರೀಮಾಸ್ಟರ್ ಕಾಯಕಲ್ಪ. ಬುಡದಿಂದ ಕಟ್ಟುವ ರೀಮೇಕ್ ಜೀರ್ಣೋದ್ಧಾರ. ‘ಶ್ಯಾಡೊ ಆಫ್ ದ ಕಲಾಸಸ್’ 2011ರಲ್ಲಿ ಕಾಯಕಲ್ಪವನ್ನೂ 2018ರಲ್ಲಿ ಜೀರ್ಣೋದ್ಧಾರವನ್ನೂ ಕಂಡ ಪುಣ್ಯಜೀವಿ. ನಾಲ್ಕನೆಯ ಬಗೆಯೊಂದುಂಟು, ಅದು ಅಮಂಗಲವಾದ್ದರಿಂದ ಆಮೇಲೆ ಹೇಳುತ್ತೇನೆ.

ಇನ್ನು ಅಧಿಕಾರ ವಿಚಾರ. ಪುನರ್ಜನ್ಮಕ್ಕೆ ಯಾರು ಅಧಿಕಾರಿ? ವಯಸ್ಸಾಗಿರಬೇಕು ಎಂಬುದು ಪೂರ್ವಪಕ್ಷ. ಸತ್ತಿರಬೇಕು ಎಂಬುದು ಸಿದ್ಧಾಂತ. ಆಡಬೇಕೆಂದವನಿಗೆ ನ್ಯಾಯವಾದ ದಾರಿಯಲ್ಲಿ ಸಿಗದಿರುವುದೇ ಇಲ್ಲಿ ಸಾವು. ‘ಮಾರಿಯೊ ಕಾರ್ಟ್ 8’ ಹುಟ್ಟಿದ್ದು 2014ರಲ್ಲಿ, ವೀ ಯು ಎಂಬ ಬಡ ಮನೆಯಲ್ಲಿ. ಆ ಕನ್ಸೋಲ್ ಒಟ್ಟು ಮಾರಾಟವಾದದ್ದೇ ಸುಮಾರು 1.35 ಕೋಟಿ. ಮೂರೇ ವರ್ಷದ ಕೂಸನ್ನು 2017ರಲ್ಲಿ ಸ್ವಿಚ್ ಎಂಬ ಹೊಸ ಕನ್ಸೋಲ್‌ಗೆ ದತ್ತು ಕೊಟ್ಟರು. ಆರು ಕೋಟಿಗೂ ಮಿಕ್ಕಿ ಮಾರಾಟವಾಯಿತು. ಇದು ಶಾಸ್ತ್ರಸಮ್ಮತ.

‘ದ ಲಾಸ್ಟ್ ಆಫ್ ಅಸ್’ ಪ್ರಸಂಗ ಜಟಿಲ. 2013ರಲ್ಲಿ ಪ್ಲೇಸ್ಟೇಷನ್ 3ರಲ್ಲಿ ಜನನ, ಮರುವರ್ಷವೇ ಪ್ಲೇಸ್ಟೇಷನ್ 4ರಲ್ಲಿ ಕಾಯಕಲ್ಪ. ಆತುರವಾಯಿತಲ್ಲ ಎನ್ನಬಾರದು: 3ರೊಳಗಿನ ಸೆಲ್ ಪ್ರೊಸೆಸರ್ ಎಂಥ ವಿಚಿತ್ರ ಪ್ರಾಣಿಯೆಂದರೆ ಅದರ ಡಿಸ್ಕುಗಳನ್ನು 4 ಮೂಸಿಯೂ ನೋಡದು. ಆದರೆ 2022ರ ಜೀರ್ಣೋದ್ಧಾರಕ್ಕೆ ಏನು ಸಮಾಧಾನ? 4ರ ಪ್ರತಿ 5ರಲ್ಲಿ ಸೊಗಸಾಗಿಯೇ ಓಡುತ್ತಿತ್ತು. ಉಸಿರಾಡುತ್ತಿದ್ದವನ ತಿಥಿ ಮಾಡಿ, ಉಂಡವರಿಂದ ತಲೆಗೆ 70 ಡಾಲರ್ ವಸೂಲು! ಅಮೆರಿಕದಲ್ಲಿ 2010ಕ್ಕೂ ಮುಂಚೆ ಬಂದ ಗೇಮ್‌ಗಳಲ್ಲಿ ಶೇ 87ರಷ್ಟು ಈಗ ಮಾರಾಟದಲ್ಲೇ ಇಲ್ಲವೆಂದು ವಿಡಿಯೊ ಗೇಮ್ ಹಿಸ್ಟರಿ ಫೌಂಡೇಶನ್ 2023ರಲ್ಲಿ ಲೆಕ್ಕ ಕೊಟ್ಟಿತು. ಅಷ್ಟು ಹೆಣ ಕಾದಿರುವಾಗ ಸಂಜೀವಿನಿಯನ್ನು ಆರೋಗ್ಯವಂತನಿಗೆ ಕುಡಿಸಿದ್ದು ನನಗಂತೂ ಒಪ್ಪಿಗೆಯಿಲ್ಲ.

ನಾಲ್ಕನೆಯ ಬಗೆ ಪ್ರೇತ. ಕರ್ಮ ಕೆಟ್ಟರೆ ಹುಟ್ಟುವಂಥದ್ದು. ‘ಸೈಲೆಂಟ್ ಹಿಲ್’ ಗೇಮ್‌ಗಳನ್ನು 2012ರಲ್ಲಿ ಎಚ್‌ಡಿಗೆ ಏರಿಸಹೊರಟವರಿಗೆ ಸಿಕ್ಕದ್ದು ಪೂರ್ತಿಯಾಗದ ಹಳೆಯ ಕೋಡ್. ಯಂತ್ರದ ಅಶಕ್ತಿ ಮುಚ್ಚಲೆಂದು ಸರಣಿಗೆ ಬಂದ ಮಂಜು ಅದರ ಭಯದ ಜೀವಾಳವೇ ಆಗಿತ್ತು. ಮರುಹುಟ್ಟಿನಲ್ಲಿ ಮಂಜು ತೆಳುವಾಗಿ, ಸರೋವರ ಎಲ್ಲಿಗೆ ಮುಗಿಯುತ್ತದೆಂಬುದೂ ಕಂಡಿತು. ‘ಜಿಟಿಎ’ ತ್ರಿವಳಿಯ 2021ರ ಅವತಾರ ಇನ್ನೂ ರಸವತ್ತು. ಮಳೆ ಬಂದರೆ ಬಿಳಿ ಗೆರೆಗಳ ಪರದೆ, ಎದುರಿನ ರಸ್ತೆ ಕಾಣದು. ಟಫ್ ನಟ್ ಡೋನಟ್ಸ್ ಎಂಬ ಅಂಗಡಿಯ ನೆತ್ತಿಯಲ್ಲಿ ಬೋಲ್ಟಿಗೆ ಹಾಕುವ ಆರುಮೂಲೆಯ ನಟ್ ಇತ್ತು, ಅದೇ ಆ ಹೆಸರಿನ ತಮಾಷೆ. ಹೊಸಬರು ನಯಗೊಳಿಸುವ ಉತ್ಸಾಹದಲ್ಲಿ ಆರು ಮೂಲೆಗಳನ್ನೂ ಉರುಟಾಗಿಸಿ ತಮಾಷೆಯನ್ನು ತಿಂದುಹಾಕಿದರು. ಇದಕ್ಕೂ ಮುಂಚೆ ಹಳೆಯ ಪ್ರತಿಗಳನ್ನು ಡಿಜಿಟಲ್ ಅಂಗಡಿಗಳಿಂದ ಎತ್ತಿಬಿಟ್ಟಿದ್ದರು, ಅಂದರೆ ಕೊಂದೇ ಪುನರ್ಜನ್ಮ ಕೊಟ್ಟರು. ಗೇಮ್‌ನ ಒಡೆಯ ಸಂಸ್ಥೆ ರಾಕ್‌ಸ್ಟಾರ್ ಕೊನೆಗೆ ಕ್ಷಮೆ ಕೇಳಿತು.

2011ರ ‘ಸ್ಕೈರಿಮ್’ ಚಿರಂಜೀವಿಯಾದ್ದರಿಂದ ಈ ಪ್ರಕರಣದ ವ್ಯಾಪ್ತಿಗೆ ಬಾರದು.

‘ಸೂಪರ್ ಮಾರಿಯೊ 3ಡಿ ಆಲ್‌ಸ್ಟಾರ್ಸ್’ ಎಲ್ಲಿ ಸೇರುತ್ತದೆ ಎಂಬ ವಾದ ಉಳಿದಿದೆ. ಮೂರು ಹಳೆಯ ಮಾರಿಯೊಗಳ ಈ ಪೊಟ್ಟಣ 2020ರ ಸೆಪ್ಟೆಂಬರ್‌ನಲ್ಲಿ ಹುಟ್ಟುವಾಗಲೇ ಜಾತಕದಲ್ಲಿ 2021ರ ಮಾರ್ಚ್ 31ಕ್ಕೆ ಮಾರಾಟ ಬಂದ್ ಎಂದು ಬರೆಸಿಕೊಂಡು ಬಂದಿತ್ತು. ಸತ್ತವರನ್ನು ಎಬ್ಬಿಸಿ, ಮತ್ತೆ ಸಾಯುವ ದಿನವನ್ನೂ ಸಾರಿ ಮಾರುವುದಕ್ಕೆ ಶಾಸ್ತ್ರದಲ್ಲಿ ಹೆಸರು ಸಿಗಲಿಲ್ಲ. ನಮ್ಮ ಬಟ್ಟೆ ಅಂಗಡಿಯವರು ಇದನ್ನು ಆಷಾಢ ಸೇಲ್ ಎನ್ನುತ್ತಾರೆ. ಅವರು ಬೆಲೆಯನ್ನಾದರೂ ಇಳಿಸುತ್ತಾರೆ.