ನೂತನ ಗೃಹಸ್ವಾಮಿ

ಬೆಂಗಳೂರಿನ ಬಾಡಿಗೆಯ ಮನೆಗಳಲ್ಲಿ ಆಯುಷ್ಯದ ಉತ್ತಮ ಭಾಗವನ್ನು ಕಳೆದು, ಹತ್ತು ತಿಂಗಳ ಬಾಡಿಗೆಯನ್ನು ಮುಂಗಡವಾಗಿತ್ತು, ಹನ್ನೊಂದು ತಿಂಗಳಿಗೊಮ್ಮೆ ಕರಾರುಪತ್ರವನ್ನು ನವೀಕರಿಸಿ, ಮನೆ ಬಿಡುವ ದಿನ ಸುಣ್ಣಬಣ್ಣದ ಲೆಕ್ಕದಲ್ಲಿ ಆ ಮುಂಗಡದ ಒಂದು ಪಾಲನ್ನು ಮನೆಯೊಡೆಯರಿಗೇ ಧಾರೆಯೆರೆದು, ಕಟ್ಟಕಡೆಗೆ ಬ್ಯಾಂಕಿನ ಕೃಪಾಕಟಾಕ್ಷದಿಂದ ಊರಂಚಿನ ನಾಲ್ಕನೆಯ ಮಹಡಿಯಲ್ಲಿ ಒಂದು ಫ್ಲ್ಯಾಟಿಗೆ ಅಧಿಪತಿಗಳಾದ ಮಹನೀಯರನ್ನು ನೀವು ಬಲ್ಲಿರಿ. ಅವರ ಹೆಸರು ಬೇಡ. ಪ್ರತಿಯೊಂದು ಬಡಾವಣೆಯಲ್ಲಿಯೂ, ಪ್ರತಿಯೊಂದು ನೆಂಟರ ಬಳಗದಲ್ಲಿಯೂ ಅಂಥವರೊಬ್ಬರು ಇದ್ದೇ ಇರುತ್ತಾರೆ. ಬಾಡಿಗೆದಾರರಾಗಿದ್ದಾಗ ಅವರಷ್ಟು ನಿಶ್ಚಿಂತ ಪುರುಷರು ಮತ್ತೊಬ್ಬರಿರಲಿಲ್ಲ. ನಲ್ಲಿ ಸೋರಿದರೆ ಅದು ಮನೆಯೊಡೆಯರ ನಲ್ಲಿ. ತಾರಸಿ ತೊಟ್ಟಿಕ್ಕಿದರೆ ಅದು ಮನೆಯೊಡೆಯರ ತಾರಸಿ. ಅದರ ಕೆಳಗೊಂದು ಬಕೆಟ್ಟನ್ನಿಟ್ಟು, ಅದು ತುಂಬುವ ನಾದವನ್ನು ಆಲಿಸುತ್ತ ಸುಖವಾಗಿ ನಿದ್ರಿಸುತ್ತಿದ್ದರು. ಕ್ರಯಪತ್ರ ನೋಂದಣಿಯಾದ ರಾತ್ರಿಯಿಂದ ಆ ನಿದ್ರೆ ಅವರ ಬಳಿ ಸುಳಿದಿಲ್ಲ.

ಗೃಹಪ್ರವೇಶದ ವಿಸ್ತಾರವಾದ ವರ್ಣನೆ ಇಲ್ಲಿ ಅನಗತ್ಯ. ಹಸು ಲಿಫ್ಟನ್ನು ಏರಲೊಲ್ಲದುದರಿಂದ ಗೋಪೂಜೆ ಕೆಳಗೆ ಕಾರು ನಿಲ್ಲಿಸುವೆಡೆಯಲ್ಲಿ ನಡೆಯಿತು, ಹಾಲು ಮೇಲೆ ಉಕ್ಕಿತು, ಬಂದವರು ಉಂಡರು. ಹೊರಡುವ ಹೊತ್ತಿಗೆ ಹಿರಿಯರೊಬ್ಬರು ತಾಂಬೂಲ ಜಗಿಯುತ್ತ "ಖಾತೆ ಆಯಿತೇನಪ್ಪ?" ಎಂದು ಕೇಳಿದುದೇ ಮುಂದಿನ ಅನರ್ಥಗಳಿಗೆಲ್ಲ ಮೂಲ. ಮನೆ ಇರುವುದು ಇಟ್ಟಿಗೆ ಸಿಮೆಂಟುಗಳಲ್ಲಿ ಎಂದು ಅದುವರೆಗೆ ನಂಬಿದ್ದ ನಮ್ಮ ಗೃಹಸ್ವಾಮಿಗಳಿಗೆ, ಅದು ವಾಸ್ತವವಾಗಿ ಕಾಗದಗಳಲ್ಲಿ ಇರತಕ್ಕದ್ದೆಂಬ ಜ್ಞಾನೋದಯ ಆ ಕ್ಷಣದಲ್ಲಿ ಆಯಿತು.

ಅಂದಿನಿಂದ ಅವರ ಕಂಕುಳಲ್ಲಿ ಒಂದು ಪ್ಲಾಸ್ಟಿಕ್ ಫೈಲು. ಮೂಲ ಕ್ರಯಪತ್ರ ಸಾಲ ತೀರುವವರೆಗೆ ಬ್ಯಾಂಕಿನ ತಿಜೋರಿಯಲ್ಲಿ ಅಜ್ಞಾತವಾಸದಲ್ಲಿರುವುದರಿಂದ ಫೈಲಿನಲ್ಲಿರುವುದು ಅದರ ಜೆರಾಕ್ಸ್ ಪ್ರತಿಗಳು ಮಾತ್ರ. ಮನೆಯ ಮೇಲೆ ಯಾರದಾದರೂ ಋಣಭಾರ ಇದೆಯೋ ಎಂದು ತಿಳಿಯುವುದಕ್ಕಾಗಿ ಅವರು ಆತುರದಿಂದ ಇ.ಸಿ. ತೆಗೆಸಿದರು, ಅದರಲ್ಲಿ ತಾವೇ ಮಾಡಿದ ಸಾಲ ಅಚ್ಚುಕಟ್ಟಾಗಿ ನಮೂದಾಗಿದ್ದುದನ್ನು ಕಂಡು, ಶತ್ರುವಿನ ಸಂಚನ್ನು ಪತ್ತೆಹಚ್ಚಿದವರಂತೆ ಮೊದಲು ಹರ್ಷಿಸಿ ಆಮೇಲೆ ಮ್ಲಾನವದನರಾದರು. ಖಾತೆಯೆಂಬುದು ತೆರಿಗೆ ತೆರಬೇಕಾದವರು ಯಾರೆಂದು ಪಾಲಿಕೆ ತನ್ನ ಅನುಕೂಲಕ್ಕೆ ಬರೆದಿಟ್ಟುಕೊಳ್ಳುವ ಲೆಕ್ಕವೇ ಹೊರತು ಸ್ವಾಮ್ಯವನ್ನು ಸಿದ್ಧಪಡಿಸುವ ಪತ್ರವಲ್ಲವೆಂದು ವಕೀಲರು ತಿಳಿಯಹೇಳಿದರೂ ಅವರಿಗೆ ಸಮಾಧಾನವಿಲ್ಲ. 'ಎ' ಖಾತೆಯವರನ್ನು ಕಂಡರೆ ಅವರಿಗೆ ಗೌರವ, 'ಬಿ' ಖಾತೆಯವರನ್ನು ಕಂಡರೆ ಅನುಕಂಪ. ಈಚೆಗೆ ಇ-ಖಾತೆ ಬಂದ ಮೇಲಂತೂ ಕಂಪ್ಯೂಟರಿನಲ್ಲಿ ತಮ್ಮ ಹೆಸರಿನ ಕಾಗುಣಿತ ಸರಿಯಾಗಿದೆಯೇ ಎಂದು ನೋಡುವುದು ಅವರ ನಿತ್ಯಾನುಷ್ಠಾನಗಳಲ್ಲಿ ಒಂದಾಗಿದೆ. ತೆರಿಗೆಯನ್ನು ಏಪ್ರಿಲ್ ತಿಂಗಳಿನಲ್ಲಿಯೇ ಪೂರ್ತಿ ಕಟ್ಟಿದವರಿಗೆ ಶೇಕಡಾ 5ರಷ್ಟು ರಿಯಾಯಿತಿ ಉಂಟೆಂದು ತಿಳಿದಂದಿನಿಂದ ಯುಗಾದಿಯಷ್ಟೇ ಭಕ್ತಿಯಿಂದ ಏಪ್ರಿಲ್ ಒಂದನ್ನು ನಿರೀಕ್ಷಿಸುತ್ತಾರೆ.

ಇನ್ನು ವಿದ್ಯುತ್ತಿನ ಪ್ರಕರಣ. ಬೆಸ್ಕಾಂ ಸ್ಥಾಪಿತವಾದದ್ದು 2002ರಲ್ಲಿ. ಆದರೂ ನಮ್ಮವರ ಬಾಯಲ್ಲಿ ಅದು ಇಂದಿಗೂ ಕೆ.ಇ.ಬಿ.ಯೇ. ಮೊದಲ ತಿಂಗಳ ಬಿಲ್ಲು ಬಿಲ್ಡರನ ಹೆಸರಿನಲ್ಲಿ ಬಂದಾಗ ಗೃಹಸ್ವಾಮಿಗಳಿಗೆ ತಾವು ಮತ್ತೊಮ್ಮೆ ಪರರ ಮನೆಯಲ್ಲಿ ವಾಸಿಸುತ್ತಿರುವಂತೆ ಭಾಸವಾಗಿ ಊಟ ಸೇರಲಿಲ್ಲ. ಹೆಸರು ಬದಲಾಯಿಸಲು ಹೋದರೆ ಒಂದು ಕಿಟಕಿಯವರು ಖಾತೆ ಕೇಳಿದರಂತೆ, ಖಾತೆಯ ಕಿಟಕಿಯವರು ವಿದ್ಯುತ್ ಸಂಪರ್ಕದ ಸಂಖ್ಯೆ ಕೇಳಿದರಂತೆ, ಇವೆರಡರಿಂದ ಬೇಸತ್ತು ಗ್ಯಾಸಿಗೆ ಅರ್ಜಿ ಹಾಕಿದರೆ ಅಲ್ಲಿ ವಿದ್ಯುತ್ತಿನ ಬಿಲ್ಲನ್ನೇ ವಿಳಾಸದ ಆಧಾರವಾಗಿ ತನ್ನಿ ಎಂದರಂತೆ. ಎರಡು ವಸ್ತುಗಳು ಒಂದನ್ನೊಂದು ಆಶ್ರಯಿಸಿದರೆ ನಮ್ಮ ತಾರ್ಕಿಕರು ಅದನ್ನು ಅನ್ಯೋನ್ಯಾಶ್ರಯವೆಂದೂ, ಮೂರಾದರೆ ಚಕ್ರಕವೆಂದೂ ಕರೆದು ದೋಷಗಳಲ್ಲಿ ಎಣಿಸಿದ್ದಾರೆ. ನ್ಯಾಯಶಾಸ್ತ್ರವನ್ನು ಓದದೆ ಇದನ್ನೆಲ್ಲ ಕಲಿಯುವ ಸುಲಭೋಪಾಯ ಮನೆ ಕೊಳ್ಳುವುದೇ. ಕೊನೆಗೆ ಹೇಗೋ ಹೆಸರು ಬದಲಾಯಿತು. ಈಗ ಅವರು ತಮ್ಮ ಆರ್.ಆರ್. ನಂಬರನ್ನು ಸಂಕಲ್ಪದಲ್ಲಿ ಗೋತ್ರ ಹೇಳುವಷ್ಟು ಸರಾಗವಾಗಿ ಹೇಳುತ್ತಾರೆ.

ಕಾಗದಗಳಿಂದ ಬಿಡುವು ದೊರೆತಾಗ ಅವರ ದೃಷ್ಟಿ ಕಟ್ಟಡದತ್ತ ಹೊರಳುತ್ತದೆ. ಒಂದು ರೂಪಾಯಿ ನಾಣ್ಯವನ್ನು ಹಿಡಿದು, ಮಂಡಿಯೂರಿ, ಟೈಲ್ಸುಗಳನ್ನು ಒಂದೊಂದಾಗಿ ತಟ್ಟಿ ಯಾವುದರ ತಳದಲ್ಲಿ ಗಾರೆ ತುಂಬಿಲ್ಲವೋ ಅದರ ಟೊಳ್ಳು ಸದ್ದನ್ನು ಪತ್ತೆಹಚ್ಚುತ್ತಾರೆ. ಬಚ್ಚಲಿನಲ್ಲಿ ಒಂದು ಚೊಂಬು ನೀರು ಚೆಲ್ಲಿ, ವಾಟ ಸರಿಯಾಗಿದೆಯೇ, ನೀರು ಜಾಲರಿಯತ್ತ ಹೋಗುತ್ತದೆಯೇ ಅಥವಾ ಬಾಗಿಲತ್ತ ಬರುತ್ತದೆಯೇ ಎಂದು ಧ್ಯಾನಾಸಕ್ತರಂತೆ ನಿರೀಕ್ಷಿಸುತ್ತಾರೆ. ಬಡಗಿಯ ಬಳಿ ಒಂದು ಕೀಲಿಕೈ ಉಳಿದಿರಬಹುದೆಂದು ಮುಂಬಾಗಿಲಿನ ಬೀಗವನ್ನು ಬದಲಾಯಿಸಿದರು. ಇದು ನಿಜಕ್ಕೂ ವಿವೇಕದ ಕೆಲಸ, ಎಲ್ಲರೂ ಮೊದಲ ದಿನವೇ ಮಾಡತಕ್ಕದ್ದು. ಗ್ಯಾಸ್ ಸಿಲಿಂಡರಿನ ಕೊರಳಪಟ್ಟಿಯ ಮೇಲೆ ಎ, ಬಿ, ಸಿ, ಡಿ ಎಂಬ ಅಕ್ಷರಗಳೊಡನೆ ಬರೆದ ಅಂಕಿಗಳು ಅದನ್ನು ವರ್ಷದ ಯಾವ ಮೂರು ತಿಂಗಳೊಳಗೆ ಮರುಪರೀಕ್ಷೆಗೆ ಒಡ್ಡಬೇಕೆಂಬುದನ್ನು ಸೂಚಿಸುತ್ತವೆಯೆಂದು ಅರಿತ ಮೇಲೆ, 14.2 ಕಿಲೋ ಅನಿಲವನ್ನು ನಾಲ್ಕು ಮಹಡಿ ಹೊತ್ತು ತಂದ ಹುಡುಗನನ್ನು ಬಾಗಿಲಲ್ಲಿಯೇ ನಿಲ್ಲಿಸಿ, ಕನ್ನಡಕವೇರಿಸಿ ಓದುತ್ತಾರೆ.

ಇವೆಲ್ಲ ಸಹ್ಯ. ಸಹಿಸಲಸಾಧ್ಯವಾದದ್ದು ಆರ್.ಸಿ.ಸಿ.ಬಿ. ಎಂಬ ಯಂತ್ರದ ಮೇಲಿನ ಅವರ ಪ್ರೀತಿ. ವಿದ್ಯುತ್ತು 30 ಮಿಲಿ ಆಂಪಿಯರಿನಷ್ಟು ಸೋರಿದೊಡನೆಯೇ ಸಂಪರ್ಕವನ್ನು ಕಡಿದು ಪ್ರಾಣ ಕಾಯುವ ಈ ಉಪಕರಣದ ಮೇಲೆ ಪರೀಕ್ಷೆಗೆಂದೇ ಒಂದು ಗುಂಡಿ ಇದೆ. ಆಗೊಮ್ಮೆ ಈಗೊಮ್ಮೆ ಅದನ್ನೊತ್ತಿ ನೋಡುವುದು ಒಳ್ಳೆಯದು. ಇವರು ದಿನವೂ ಬೆಳಿಗ್ಗೆ ಒತ್ತುತ್ತಾರೆ. ಒತ್ತಿದೊಡನೆ ಮನೆಯೆಲ್ಲ ಸ್ತಬ್ಧವಾಗಿ, ಮಿಕ್ಸಿಯಲ್ಲಿ ಚಟ್ನಿ ಅರ್ಧಕ್ಕೆ ನಿಂತು, ಅಡಿಗೆಯ ಮನೆಯಿಂದ ಹೊರಡುವ ಉದ್ಗಾರವನ್ನು ಅವರು ಯಂತ್ರ ಕೆಲಸ ಮಾಡುತ್ತಿದೆಯೆಂಬುದಕ್ಕೆ ಸಾಕ್ಷ್ಯವಾಗಿ ಸ್ವೀಕರಿಸುತ್ತಾರೆ.

ಆ ಅಡಿಗೆಯ ಮನೆಯಾಕೆಯ ವಿಷಯವಾಗಿ ಒಂದು ಮಾತನ್ನು ಹೇಳದಿದ್ದರೆ ಅನ್ಯಾಯವಾದೀತು. ಯಜಮಾನರು ಫೈಲು ಹೊತ್ತು ತಿರುಗುತ್ತಿದ್ದ ದಿನಗಳಲ್ಲಿ, ಹಾಲಿನವನು ಯಾರು, ಹಿಟ್ಟಿನ ಗಿರಣಿ ಎಲ್ಲಿ, ಹಸಿ ಕಸ ಒಣ ಕಸಗಳನ್ನು ಒಯ್ಯುವ ಗಾಡಿ ಎಷ್ಟು ಹೊತ್ತಿಗೆ ಬರುತ್ತದೆ, ಸಂಪಿಗೆ ಟ್ಯಾಂಕರ್ ಬರುವ ದಿನ ಯಾವುದು, ಬೋರ್‌ವೆಲ್ ನೀರಿನ ಬಿಳಿಯ ಕಲೆ ನಲ್ಲಿಯಿಂದ ಹೋಗಬೇಕಾದರೆ ಏನು ಹಚ್ಚಿ ಉಜ್ಜಬೇಕು ಎಂಬುದನ್ನೆಲ್ಲ ಆಕೆ ಯಾವ ಪಟ್ಟಿಯನ್ನೂ ಬರೆಯದೆ, ಮಹಡಿಯ ಮೆಟ್ಟಿಲುಗಳ ಮೇಲೆ ನಿಂತು ನೆರೆಯವರೊಡನೆ ಆಡಿದ ಮಾತಿನಲ್ಲಿಯೇ ತಿಳಿದುಕೊಂಡಿದ್ದರು. ಯಜಮಾನರಾದರೋ, ಸುಮಾರು 100 ಕಿಲೋಮೀಟರ್ ದೂರದ ತೊರೆಕಾಡನಹಳ್ಳಿಯಿಂದ ಏರಿ ಬರುವ ಕಾವೇರಿಯ ಐದನೆಯ ಹಂತ 2024ರಲ್ಲಿಯೇ ಉದ್ಘಾಟನೆಯಾಗಿದೆ, ಇನ್ನೇನು ನಮ್ಮ ಬೀದಿಗೂ ಬಂದೇಬಿಡುತ್ತದೆ ಎಂದು ಆಕೆಗೆ ಧೈರ್ಯ ಹೇಳುತ್ತಿದ್ದರು. ಆ ಮನೆ ವಾಸಯೋಗ್ಯವಾದದ್ದು ಯಾರಿಂದ ಎಂಬ ವಿಷಯದಲ್ಲಿ ನನಗೆ ಸಂದೇಹವಿಲ್ಲ.

ಆದರೆ ನಮ್ಮ ಗೃಹಸ್ವಾಮಿಗಳ ನಿಜವಾದ ಪರಿವರ್ತನೆ ಪ್ರಕಟವಾದದ್ದು ಮೊಳೆಯ ವಿಷಯದಲ್ಲಿ. ಗೋಡೆಗೆ ಮೊಳೆ ಹೊಡೆಯಕೂಡದೆಂದು ಆಜ್ಞಾಪಿಸಿದ ಮನೆಯೊಡೆಯರನ್ನು ಅವರು ಹಿಂದೆ ಎಷ್ಟೆಷ್ಟು ವಿಧವಾಗಿ ನಿಂದಿಸಿದ್ದರೆಂಬುದಕ್ಕೆ ನಾನೇ ಸಾಕ್ಷಿ. ಆ ಒಡೆಯರೆಲ್ಲರ ಆತ್ಮಗಳೂ ಒಟ್ಟಾಗಿ ಈಗ ಇವರಲ್ಲಿ ಆವಾಹನೆಗೊಂಡಿವೆ. ದೇವರ ಪಟಕ್ಕೂ ಮೊಳೆಯಿಲ್ಲ. ಮಕ್ಕಳು ಗೋಡೆಗೆ ಒರಗಿದರೆ ಎಣ್ಣೆಯ ಕಲೆ. ರಾತ್ರಿ ಹತ್ತು ಗಂಟೆಗೆ ಕೋಣೆಯಿಂದ ಕೋಣೆಗೆ ನಡೆದು ದೀಪಗಳನ್ನು ಆರಿಸಿ, ಯಾವ ನಲ್ಲಿಯಾದರೂ ತೊಟ್ಟಿಕ್ಕುತ್ತಿದೆಯೋ ಎಂದು ಕಿವಿಗೊಟ್ಟು ನಿಲ್ಲುತ್ತಾರೆ. ಮೊನ್ನೆ ಪಟವನ್ನು ಕೈಯಲ್ಲಿ ಹಿಡಿದು ಬಹಳ ಹೊತ್ತು ನಿಂತಿದ್ದ ಅವರ ಮನೆಯವರು ಕಡೆಗೆ, "ರೀ, ಬಾಡಿಗೆ ಎಷ್ಟು ಅಂತ ಹೇಳಿಬಿಡಿ, ಒಂದನೇ ತಾರೀಕು ತಪ್ಪದೆ ಕೊಟ್ಟುಬಿಡ್ತೀನಿ" ಎಂದರು. ಯಜಮಾನರು ನಗಲಿಲ್ಲ, ಮುಂಗಡದ ವಿಷಯ ಯೋಚಿಸುತ್ತಿದ್ದರೆಂದು ನನ್ನ ಗುಮಾನಿ.

ಆದುದರಿಂದ ಗೃಹಪ್ರವೇಶದ ಆಮಂತ್ರಣ ಬಂದಿರುವ ಓದುಗ ಮಹಾಶಯರಲ್ಲಿ ನನ್ನದೊಂದು ವಿಜ್ಞಾಪನೆ: ದಯವಿಟ್ಟು ಗೋಡೆಗಡಿಯಾರವನ್ನು ಉಡುಗೊರೆಯಾಗಿ ಒಯ್ಯಬೇಡಿ. ಅವರ ಮನೆಯ ಅಟ್ಟದ ಮೇಲೆ ಈಗಾಗಲೇ ಏಳು ಇವೆ.