ಯಜಮಾನರ ಹೆಬ್ಬೆಟ್ಟು

ಅರಸೀಕೆರೆಯಿಂದ ಹಳೇಬೀಡು, ಬೇಲೂರಿನ ಕಡೆ ಹೋಗುವ ಕೆಂಪು ಬಸ್ಸಿನಲ್ಲಿ ನೀವು ಅವರನ್ನು ನೋಡಿಯೇ ಇರುತ್ತೀರಿ. ಸೀಟಿನ ಹೊರತುದಿಯಲ್ಲಿ ಕೂತು ಬಲಗಾಲನ್ನು ರೈಲ್ವೆ ಗೇಟಿನ ಹಾಗೆ ದಾರಿಗೆ ಅಡ್ಡ ಇಳಿಬಿಟ್ಟಿರುತ್ತಾರೆ. ಕಾಲಿನ ತುದಿಯಲ್ಲಿ ಹಳೇ ಪಂಚೆ ಹರಿದು ಸುತ್ತಿದ ಬಿಳಿ ಉಂಡೆ, ಅದರ ಅಂಚಿಗೆ ಅರಿಶಿನದ ಕರೆ. ಎಡಗಾಲಿಗೆ ಚಪ್ಪಲಿ ಇದೆ, ಬಲಗಾಲಿನದು ಕೈಚೀಲದಲ್ಲಿದೆ. “ಕಾಲು ಸ್ವಲ್ಪ ಒಳೀಕೆ ತಗಳಿ ಯಜಮಾನ್ರೆ” ಎಂದು ಕಂಡಕ್ಟರು ಹೇಳುವುದನ್ನೇ ಅವರು ಕಾಯುತ್ತಿರುತ್ತಾರೆ. ಹೇಳಿದರೋ, ಮುಗಿಯಿತು. ಜಾವಗಲ್ ಬರುವಷ್ಟರಲ್ಲಿ ಅರ್ಧ ಬಸ್ಸಿಗೆ ಆ ಬೆರಳಿನ ಪೂರ್ವಾಪರ ತಿಳಿದಿರುತ್ತದೆ.

ಇವರು ಒಬ್ಬರಲ್ಲ, ಬೀದಿಗೊಬ್ಬರಿದ್ದಾರೆ; ಎಲ್ಲರನ್ನೂ ಯಜಮಾನರು ಎಂದರೆ ಸಾಕು. ವಯಸ್ಸು ಐವತ್ತೈದರ ಆಚೆ. ನಾಲ್ಕು ಎಕರೆ ತೆಂಗೋ, ಒಂದು ಪಿಂಚಣಿಯೋ, ಎರಡೂ ಉಂಟೋ. ಹಲ್ಲು ನೋವಿಗೆ ಹಾಸನದವರೆಗೂ ಹೋಗುವವರು, ಶೀತವಾದರೆ ಮಫ್ಲರು ಕಟ್ಟಿ ಮಲಗುವವರು, ಕಾಲುಬೆರಳಿನ ವಿಷಯಕ್ಕೆ ಬಂದರೆ ಮಾತ್ರ ಡಾಕ್ಟರ ಹೊಸಿಲು ತುಳಿಯುವುದಿಲ್ಲ. “ಒಂದ್ ಬೆಳ್ಳಿಗೆ ಡಾಕ್ಟ್ರಾ? ನಗಾಡ್ತಾರೆ ಬುಡಿ.” ಕೇಳಿದವರು ಇದನ್ನು ಗುಂಡಿಗೆ ಗಟ್ಟಿತನ ಎಂದುಕೊಳ್ಳುತ್ತಾರೆ. ನನ್ನ ಲೆಕ್ಕ ಬೇರೆ. ಡಾಕ್ಟರ ಹತ್ತಿರ ಹೋದರೆ ಬೆರಳಿನ ಕೆಲಸ ಹತ್ತು ನಿಮಿಷಕ್ಕೆ ಮುಗಿದುಹೋಗುತ್ತದೆ. ಮನೆಯಲ್ಲೇ ಇಟ್ಟುಕೊಂಡರೆ ಒಂದು ತಿಂಗಳು ಬಾಳಿಕೆ ಬರುತ್ತದೆ.

ಪೆಟ್ಟು ಬಿದ್ದದ್ದೆಲ್ಲಿ ಎನ್ನುವುದು ಮೊದಲನೇ ಅಧ್ಯಾಯ. ನಡೆದದ್ದು ಇಷ್ಟೇ: ಬೆಳಗಿನ ಜಾವ, ಕರೆಂಟಿಲ್ಲ, ಬಚ್ಚಲಿಗೆ ಹೊರಟವರಿಗೆ ಮಂಚದ ಕಾಲು ಸಿಕ್ಕಿತು. ಆದರೆ ಮಂಚಕ್ಕೆ ಎಡವಿದೆ ಎಂದು ನಾಲ್ಕು ಜನರೆದುರು ಹೇಳುವುದು ಹೇಗೆ? ಅರಸೀಕೆರೆ ಕಡೆಯವರಾದರೆ ಮನೆಯ ಅಟ್ಟ ನೆರವಿಗೆ ಬರುತ್ತದೆ. ಉಂಡೆ ಕೊಬ್ಬರಿಗೆಂದು ಬಲಿತ ಕಾಯಿಯನ್ನು ಹತ್ತು ಹನ್ನೊಂದು ತಿಂಗಳು ಅಟ್ಟದಲ್ಲಿ ಇಡುವ ಸೀಮೆ ಇದು. ಒಳಗಿನ ನೀರು ಇಂಗಿ, ಕೊಬ್ಬರಿ ಚಿಪ್ಪು ಬಿಟ್ಟು ಅಲ್ಲಾಡುವವರೆಗೂ ಅದನ್ನು ಇಳಿಸುವುದಿಲ್ಲ. ಅಂಥ ಒಂದು ಕಾಯಿ ತಾನಾಗಿ ಇಳಿದು ನೆಟ್ಟಗೆ ಹೆಬ್ಬೆಟ್ಟಿನ ಮೇಲೆ ಬಿತ್ತು ಎಂದರೆ ಕೊಬ್ಬರಿ ಮಂಡಿಯಲ್ಲಿ ಜನ ಕಿವಿಗೊಡುತ್ತಾರೆ. “ಕಾಯಿ ಒಡೀತಾ?” ಎಂದು ಆತಂಕದಿಂದ ವಿಚಾರಿಸುತ್ತಾರೆ. ಜೇನುಕಲ್ಲು ಸಿದ್ಧೇಶ್ವರನ ಬೆಟ್ಟವನ್ನು ಹುಣ್ಣಿಮೆ ದಿನ ಬರಿಗಾಲಲ್ಲಿ ಹತ್ತುವಾಗ ಆದದ್ದು ಎಂದರಂತೂ ನೋವಿನ ಜೊತೆಗೆ ಪುಣ್ಯವೂ ಜಮೆಯಾಗುತ್ತದೆ.

ಬೇಲೂರಿನ ಯಜಮಾನರಿಗೆ ಇಷ್ಟು ಕಷ್ಟವಿಲ್ಲ. 1117ರಲ್ಲಿ ವಿಷ್ಣುವರ್ಧನ ಅವರಿಗಾಗಿಯೇ ಎಂಬಂತೆ ಚೆನ್ನಕೇಶವನ ಗುಡಿ ಕಟ್ಟಿಸಿ ಹೋಗಿದ್ದಾನೆ. ಚಪ್ಪಲಿ ಹೊರಗೆ ಬಿಡಬೇಕು. ಒಳಗೆ ಹೋದಮೇಲೆ ಕತ್ತು ಎತ್ತಬೇಕು. ಮದನಿಕೆಯರನ್ನು ಸೂರಿನಡಿಯಲ್ಲಿ ಅಷ್ಟು ಎತ್ತರಕ್ಕೆ ನಿಲ್ಲಿಸಿದ ಶಿಲ್ಪಿಗಳು ನೋಡುವವನ ಕಾಲಿನ ಯೋಚನೆಯನ್ನೇ ಮಾಡಲಿಲ್ಲ. ದರ್ಪಣಸುಂದರಿಯ ಕನ್ನಡಿಯ ಮೇಲೆ ಕಣ್ಣಿಟ್ಟು ನಡೆದವನಿಗೆ ಜಗತಿಯ ಮೆಟ್ಟಿಲು ಕಾಣುವುದು ಅದು ತಾಗಿದ ಮೇಲೆ. ಬೇಸಿಗೆಯ ಮಧ್ಯಾಹ್ನವಾದರೆ ಅಂಗಳದ ಚಪ್ಪಡಿ ಕಾದು, ನೆರಳಿನಿಂದ ನೆರಳಿಗೆ ಎಲ್ಲರೂ ಹಾರುತ್ತಿರುತ್ತಾರೆ; ಆಗ ಯಾವ ಕಲ್ಲಿಗೆ ಯಾರ ಬೆರಳು ಎನ್ನುವ ಲೆಕ್ಕವೇ ಸಿಗುವುದಿಲ್ಲ. ಗುಡಿಯ ಬಳಪದ ಕಲ್ಲು ಗಣಿಯಿಂದ ತೆಗೆದಾಗ ಮೆದುವಾಗಿದ್ದು, ಗಾಳಿಗೆ ಒಡ್ಡಿದಂತೆ ಗಟ್ಟಿಯಾಗುತ್ತದೆ ಎಂದು ಗೈಡುಗಳು ಹೇಳುವುದುಂಟು. ಯಜಮಾನರದು ಪೂರ್ಣ ಸಮ್ಮತಿ: “ಒಂಬೈನೂರು ವರ್ಷದ ಗಾಳಿ ಕುಡ್ದೈತೆ ಸ್ವಾಮಿ, ನನ್ ಬೆಳ್ಳು ಯಾವ ಲೆಕ್ಕ!” ಬೇಲೂರು, ಹಳೇಬೀಡು, ಸೋಮನಾಥಪುರದ ಗುಡಿಗಳು 2023ರ ಸೆಪ್ಟೆಂಬರಿನಲ್ಲಿ ಯುನೆಸ್ಕೊದ ವಿಶ್ವ ಪರಂಪರೆ ಪಟ್ಟಿಗೆ ಸೇರಿದ ಮೇಲೆ ಪೆಟ್ಟಿನ ದರ್ಜೆಯೂ ಏರಿದೆ. ಈಗ ಎಡವಿದರೆ ವಿಶ್ವಮಟ್ಟದಲ್ಲಿ ಎಡವಿದ ಹಾಗೆ.

ಹಳೇಬೀಡಿನವರದು ಹೆಚ್ಚಾಗಿ ಕಿರುಬೆರಳು. ಇದಕ್ಕೂ ಕಾರಣವಿದೆ. ಹೊಯ್ಸಳೇಶ್ವರದ ಗೋಡೆಯಲ್ಲಿ ನೋಡಬೇಕಾದ್ದು ಬುಡದಿಂದಲೇ ಶುರು: ಆನೆಗಳ ಸಾಲು, ಅದರ ಮೇಲೆ ಸಿಂಹಗಳ ಸಾಲು, ಮೇಲೆ ಹೋದಂತೆ ಕುದುರೆ, ಪುರಾಣದ ಕಥೆ. ಗೋಡೆಯ ಕಡೆ ಮುಖ ಮಾಡಿ ಏಡಿಯ ನಡಿಗೆಯಲ್ಲಿ ಅಡ್ಡಡ್ಡ ಸರಿಯಬೇಕು, ಗೋಡೆ ನೋಡಿದರೆ ಮೂಲೆ ಮೂಲೆಯಾಗಿ ಮುಂದೆ ಬರುತ್ತದೆ, ಹಿಂದೆ ಸರಿಯುತ್ತದೆ. ಆ ಮೂಲೆಗಳಿಗೆ ಮೊದಲು ಸಿಗುವುದು ಕಿರುಬೆರಳೇ. ಆದರೆ ಕಿರುಬೆರಳಿಗೆ ಹೆಬ್ಬೆಟ್ಟಿನಷ್ಟು ಮರ್ಯಾದೆಯಿಲ್ಲ, ಕಥೆ ಒಂದು ವಾರಕ್ಕೆ ಮೇಲೆ ಎಳೆಯುವುದಿಲ್ಲ. ನಾವು ಹೆಬ್ಬೆಟ್ಟಿಗೇ ಬರೋಣ.

ರಕ್ತ ಕಂಡ ತಕ್ಷಣ ಕಾಫಿಪುಡಿ. ಇದು ಮನೆತನದ ಶಾಸ್ತ್ರ, ಏಕೆ ಎಂದು ಯಾರೂ ಕೇಳಿಲ್ಲ. ಅದರ ಮೇಲೆ ಅರಿಶಿನ. ಸಾಯಂಕಾಲಕ್ಕೆ ಊದಿಕೊಂಡಿತು ಎಂದು ಸುಣ್ಣ ಬೆಲ್ಲ ಕಲಸಿದ ಪಟ್ಟು. ಮಾರನೆಯ ದಿನ ಎದುರುಮನೆಯ ಅಜ್ಜಿ ಬಂದು ಸುಣ್ಣ ಬೆಲ್ಲ ಉಳುಕಿಗೆ ಹಾಕುವುದು, ಗಾಯಕ್ಕಲ್ಲ ಎಂದು ಛೀಮಾರಿ ಹಾಕಿ, ಎಕ್ಕದ ಎಲೆಗೆ ಹರಳೆಣ್ಣೆ ಸವರಿ ಕೆಂಡದಲ್ಲಿ ಬಾಡಿಸಿ ಕಟ್ಟಿದರು. ಮೂರನೆಯ ದಿನ ಉಗುರು ನೇರಳೆ ಹಣ್ಣಿನ ಬಣ್ಣಕ್ಕೆ ತಿರುಗಿತು. ನೋಡಲು ಬಂದ ಷಡ್ಡಕರು “ಇದು ಉಗುರುಸುತ್ತು” ಎಂದು ತೀರ್ಪು ಕೊಟ್ಟರು. ಉಗುರುಸುತ್ತಿಗೆ ನಿಂಬೆಹಣ್ಣು ಎಂದು ಯಾರಿಗೆ ಗೊತ್ತಿಲ್ಲ? ಕೈಬೆರಳಿಗೆ ನಿಂಬೆಹಣ್ಣು ಸಿಕ್ಕಿಸಿಕೊಂಡು ಓಡಾಡುವವರನ್ನು ಎಲ್ಲರೂ ನೋಡಿದ್ದೇವೆ. ಕಾಲಿನ ಹೆಬ್ಬೆಟ್ಟಿಗೆ ಸಿಕ್ಕಿಸಬೇಕಾದರೆ ಗಜನಿಂಬೆಯೇ ಬೇಕಾಯಿತು. ಆ ರಾತ್ರಿ ಯಜಮಾನರ ಕೂಗು ರೈಲ್ವೆ ಸ್ಟೇಷನ್ನಿಗೆ ಕೇಳಿಸಿತು ಎಂದು ಅವರೇ ಅಭಿಮಾನದಿಂದ ಹೇಳುತ್ತಾರೆ.

ಅಷ್ಟು ಹೊತ್ತಿಗೆ ಮನೆಯ ಆಡಳಿತವೆಲ್ಲ ಬೆರಳಿನ ಕೈಗೆ ಹೋಗಿರುತ್ತದೆ. ಜಗಲಿಯಲ್ಲಿ ಎರಡು ಕುರ್ಚಿ: ಒಂದು ಅವರಿಗೆ, ಒಂದು ಕಾಲಿಗೆ. ಸ್ನಾನಕ್ಕೆ ಹೋಗುವಾಗ ಕಾಲಿಗೆ ಪ್ಲಾಸ್ಟಿಕ್ ಕವರು ಕಟ್ಟಲು ಒಬ್ಬರು, ಬಿಚ್ಚಲು ಒಬ್ಬರು. ಮೊಮ್ಮಗನ ಮೂರು ಗಾಲಿ ಸೈಕಲ್ಲಿಗೆ ನಡುಮನೆಯಲ್ಲಿ ನಿಷೇಧ. ಇಷ್ಟಾದರೂ ದಿನಕ್ಕೊಂದು ಸಲ ಏನಾದರೂ ಆ ಬೆರಳಿಗೇ ತಗುಲುತ್ತದೆ. ಉಳಿದ ಒಂಬತ್ತು ಬೆರಳುಗಳಿದ್ದರೂ ಬಾಗಿಲು, ಬಕೆಟ್ಟು, ನಾಯಿ ಎಲ್ಲವೂ ಹುಡುಕಿಕೊಂಡು ಬರುವುದು ಅಲ್ಲಿಗೇ. ಕೊಟ್ಟಿಗೆಯ ಹಸುವನ್ನು ಅವರ ಹೆಂಡತಿಯೇ ನೋಡಿಕೊಳ್ಳುತ್ತಾರೆ, ನೀರನ್ನೂ ಅವರೇ ಹೊರುತ್ತಾರೆ. ಅವರ ಎರಡೂ ಹಿಮ್ಮಡಿ ಒಡೆದು ಎಷ್ಟು ವರ್ಷವಾಯಿತೋ. ಅದಕ್ಕೆ ಕುರ್ಚಿಯೂ ಇಲ್ಲ, ಕಥೆಯೂ ಇಲ್ಲ.

ವಾರ ಕಳೆದ ಮೇಲೆ ಸಲಹೆಗಾರರು ಎರಡು ಪಕ್ಷವಾದರು. ಮೂಳೆ ಮುರಿದಿದೆ, ಪುತ್ತೂರು ಕಟ್ಟು ಹಾಕಿಸಬೇಕು ಎಂದು ಒಂದು ಪಕ್ಷ. ಆಂಧ್ರದ ಆ ಪುತ್ತೂರಿನ ಹೆಸರಿನ ಬೋರ್ಡು ನಮ್ಮ ಕಡೆಯ ಊರುಗಳಲ್ಲೂ ನೇತಾಡುತ್ತದೆ, ಎಲ್ಲ ಬೋರ್ಡಿನ ಹಿಂದೆಯೂ ಪುತ್ತೂರು ಇರಲೇಬೇಕೆಂದಿಲ್ಲ. ಬೆರಳು ಅಲ್ಲಾಡುತ್ತದೆ, ಆದ್ದರಿಂದ ಮುರಿದಿಲ್ಲ ಎಂದು ಇನ್ನೊಂದು ಪಕ್ಷ. (ಮುರಿದ ಬೆರಳೂ ಅಲ್ಲಾಡುತ್ತದೆ, ಆದರೆ ಜಗಲಿಯ ಮೇಲೆ ಇದನ್ನು ಹೇಳುವ ಧೈರ್ಯ ಯಾರಿಗಿದೆ?) ಯಜಮಾನರು ಎರಡೂ ಪಕ್ಷಕ್ಕೆ ಸಮನಾಗಿ ಕಾಫಿ ಕೊಡಿಸಿದರು. ಮಂಡಿಯಲ್ಲಿ ಕೊಬ್ಬರಿ ಹರಾಜಿನ ದಿನವೂ ಸಿಗದ ಇಷ್ಟು ಜನ ಬೆರಳಿನ ದೆಸೆಯಿಂದ ಮನೆಗೇ ಬರುತ್ತಿದ್ದರು.

ಕೊನೆಗೆ ಕೆಲಸ ಕೆಡಿಸಿದ್ದು ಸೊಸೆ. ಕಟ್ಟಿನಿಂದ ವಾಸನೆ ಬರುತ್ತಿದೆ ಎಂದು ಹೇಳಿ, ಮಾವನವರನ್ನು ಆಟೋ ಹತ್ತಿಸಿ ಆಸ್ಪತ್ರೆಗೆ ಕರೆದೊಯ್ದೇಬಿಟ್ಟಳು. ಡಾಕ್ಟರು ಚಿಕ್ಕ ವಯಸ್ಸಿನವರು. ಪದರ ಪದರವಾಗಿ ಕಾಫಿಪುಡಿ, ಅರಿಶಿನ, ಎಕ್ಕದ ರಸ ಎಲ್ಲ ತೊಳೆದು, ಒಳಗೆ ಬೆರಳೊಂದು ಇರುವುದನ್ನು ಪತ್ತೆ ಹಚ್ಚಿದರು. “ಎರಡು ದಿನದೊಳಗೆ ಬಂದಿದ್ದರೆ ಉಗುರಿಗೆ ಸಣ್ಣ ತೂತು ಮಾಡಿ ಒಳಗೆ ಕಟ್ಟಿದ ರಕ್ತ ಬಿಡಬಹುದಿತ್ತು. ನೋವು ಅವತ್ತೇ ಇಳಿಯುತ್ತಿತ್ತು. ಈಗ ಹೆಪ್ಪುಗಟ್ಟಿದೆ, ಉಗುರು ತಾನಾಗೇ ಬೀಳುತ್ತೆ.” ಯಜಮಾನರು ಸೊಸೆಯ ಕಡೆ ತಿರುಗಿ, “ಕೇಳಿಸ್ಕಂಡ್ಯಾ, ಹೆಪ್ಪುಗಟ್ಟೈತಂತೆ!” ಎಂದರು, ಬಹುಮಾನ ಬಂದವರ ದನಿಯಲ್ಲಿ.

ಎಕ್ಸ್‌ರೇ ತೆಗೆದಾಗ ಮೂಳೆಯಲ್ಲಿ ಕೂದಲೆಳೆಯಷ್ಟು ಬಿರುಕು. ಉಳಿದ ಬೆರಳುಗಳಿಗೆ ಮೂರು ಮೂರು ಮೂಳೆ, ಹೆಬ್ಬೆಟ್ಟಿಗೆ ಎರಡೇ ಎಂದು ಡಾಕ್ಟರು ವಿವರಿಸಿದ್ದು ಯಜಮಾನರಿಗೆ ಹಿಡಿಸಲಿಲ್ಲ. ದೊಡ್ಡವನಿಗೆ ಪಾಲು ಕಡಿಮೆ ಕೊಡುವುದು ಯಾವ ನ್ಯಾಯ? ಅದಕ್ಕಿಂತ ದೊಡ್ಡ ಆಘಾತ ಚಿಕಿತ್ಸೆಯದು. ಹಿಟ್ಟಿನ ಕಟ್ಟು ಹಾಕುತ್ತಾರೆ, ಊರುಗೋಲು ಕೊಡುತ್ತಾರೆ ಎಂದು ನಂಬಿದ್ದರು. ಡಾಕ್ಟರು ಹೆಬ್ಬೆಟ್ಟನ್ನು ಪಕ್ಕದ ಬೆರಳಿಗೆ ಸೇರಿಸಿ, ಮಧ್ಯೆ ಸ್ವಲ್ಪ ಹತ್ತಿ ಇಟ್ಟು ಟೇಪು ಸುತ್ತಿ, ಗಟ್ಟಿ ಅಟ್ಟೆಯ ಚಪ್ಪಲಿ ಹಾಕಿಕೊಳ್ಳಿ, ನಾಲ್ಕರಿಂದ ಆರು ವಾರ ಎಂದರು. ಒಂದು ಧನುರ್ವಾಯು ಇಂಜೆಕ್ಷನ್. ಮುಗಿಯಿತು. “ಅಷ್ಟೇನಾ?” ಎಂದು ಯಜಮಾನರು ಎರಡು ಸಲ ಕೇಳಿದರು.

ಅಷ್ಟೇ ಆಗಿರಲಿಲ್ಲ. ಗಾಯ ಇಷ್ಟು ದಿನ ಮಾಯದೆ ಇರುವುದು ಏಕೆಂದು ಡಾಕ್ಟರು ರಕ್ತ ಪರೀಕ್ಷೆ ಮಾಡಿಸಿದರು, ಸಕ್ಕರೆ ಸಿಕ್ಕಿತು. ಎಷ್ಟು ವರ್ಷದಿಂದ ಒಳಗೆ ಕೂತಿತ್ತೋ ಯಾರಿಗೂ ಗೊತ್ತಿಲ್ಲ. ಸಕ್ಕರೆ ಇದ್ದವರ ಕಾಲಿನಲ್ಲಿ ಸ್ಪರ್ಶ ಕುಂದುತ್ತದೆ, ರಕ್ತದ ಓಟ ತಗ್ಗುತ್ತದೆ, ಸಣ್ಣ ಗಾಯವೇ ಕೀವಾಗಿ ಬೆರಳನ್ನೇ ತೆಗೆಯಬೇಕಾಗಿ ಬರಬಹುದು ಎಂದು ಡಾಕ್ಟರು ಹೇಳುವಾಗ ಮಾತ್ರ ಯಜಮಾನರು ಬಾಯಿ ಬಿಡಲಿಲ್ಲ. ಮನೆಗೆ ಬಂದ ಮೇಲೆ ಬಿಟ್ಟರು. ಒಬ್ಬಟ್ಟು ನಿಂತದ್ದಕ್ಕೆ ಬೆರಳನ್ನಲ್ಲ, ಸೊಸೆಯನ್ನು ದೂರಿದರು.

ಎಕ್ಸ್‌ರೇ ಈಗ ಹಜಾರದ ಕಿಟಕಿಯ ಪಕ್ಕ ಮೊಳೆಗೆ ನೇತಾಡುತ್ತಿದೆ. ಬಂದವರಿಗೆಲ್ಲ ಬೆಳಕಿಗೆ ಹಿಡಿದು ತೋರಿಸುತ್ತಾರೆ. ಬಿರುಕು ಕಾಣಿಸಲಿಲ್ಲ ಎಂದವರಿಗೆ ಎರಡನೇ ಲೋಟ ಕಾಫಿ ಇಲ್ಲ. ಉಗುರು ಬಿದ್ದುಹೋಯಿತು, ಬುಡದಲ್ಲಿ ಹೊಸದು ಇಣುಕಿದೆ. ಕಾಲಿನ ಉಗುರು ತಿಂಗಳಿಗೆ ಒಂದೂವರೆ ಮಿಲಿಮೀಟರಿನ ಆಸುಪಾಸು ಬೆಳೆಯುತ್ತದೆ, ಹೆಬ್ಬೆಟ್ಟಿನದು ಪೂರ್ತಿ ಬರಲು ಒಂದರಿಂದ ಒಂದೂವರೆ ವರ್ಷ ಬೇಕು. ಅಲ್ಲಿಯವರೆಗೆ ಅವರ ಮನೆಗೆ ಹೋಗುವವರು ಸ್ವಲ್ಪ ಪುರಸೊತ್ತು ಮಾಡಿಕೊಂಡೇ ಹೋಗಬೇಕು. ನಿಮ್ಮ ಮನೆಯಲ್ಲೇ ಇಂಥ ಯಜಮಾನರಿದ್ದರೆ, ಮುಂದಿನ ಸಲ ಪೆಟ್ಟು ಬಿದ್ದ ದಿನ ಗಾಯವನ್ನು ನಲ್ಲಿ ನೀರಿನಲ್ಲಿ ತೊಳೆಯಿರಿ, ಕಾಫಿಪುಡಿಯ ಡಬ್ಬಿಯನ್ನು ಅಟ್ಟಕ್ಕೆ ಹಾಕಿ, ಆಟೋಗೆ ಹೇಳಿಬಿಡಿ.