ಮಿಸ್ಟರ್ ತಿಪಟೂರು

ಪಾಸ್‌ಪೋರ್ಟಿಗೆ ಅರ್ಜಿ ತುಂಬುವಾಗ ಏಜೆಂಟ್ ಕೇಳಿದ್ದ, ‘ಸರ್‌ನೇಮ್ ಏನು ಸಾರ್?’ ನಮ್ಮ ವಂಶದಲ್ಲಿ ಯಾರಿಗೂ ಅಂಥದ್ದೊಂದು ಇರಲಿಲ್ಲ. ಹೆಸರಿಗೆ ಅಂಟಿಕೊಂಡು ‘ಟಿ’ ಅಂತೊಂದು ಅಕ್ಷರವಿತ್ತು. ಅದನ್ನೇ ಎಳೆದು ‘ತಿಪಟೂರು’ ಅಂತ ಉದ್ದ ಮಾಡಿದ. ಅವತ್ತು ನಕ್ಕಿದ್ದೆ. ಆಮೇಲೊಂದು ಭಾನುವಾರ ಬೆಳಿಗ್ಗೆ, ಬರ್ಲಿನ್‌ನಲ್ಲಿ, ಬೆಲ್ಟ್ ಮೇಲೆ ಯಾರದೋ ಮಗುವಿನ ತಳ್ಳುಗಾಡಿಯೊಂದೇ ನಾಲ್ಕನೇ ಸುತ್ತು ಬರುತ್ತಿದ್ದಾಗ, ಮೈಕಿನಲ್ಲಿ ‘ಮಿಸ್ಟರ್ ಟಿಪ್ಟರ್, ಮಿಸ್ಟರ್ ಟಿಪ್ಟರ್’ ಅಂತ ಕೂಗಿದರು. ಇಡೀ ಊರನ್ನೇ ಕರೆದಂತಿತ್ತು. ಹೋದವನು ನಾನೊಬ್ಬನೇ.

ಸೂಟ್‌ಕೇಸ್ ಬಂದಿರಲಿಲ್ಲ. ಅದರೊಳಗೆ ಇರಲೇಬೇಕಾಗಿದ್ದ ಮುಖ್ಯ ವಸ್ತು ಬೆಂಗಳೂರಿನಲ್ಲೇ ಹೋಗಿತ್ತು ಅನ್ನಿ. ಕೊಬ್ಬರಿ ಅಪಾಯಕಾರಿ ಸರಕು, ವಿಶ್ವಸಂಸ್ಥೆಯ ಪಟ್ಟಿಯಲ್ಲಿ ಅದರ ನಂಬರು 1363, ತಾನಾಗಿಯೇ ಹೊತ್ತಿಕೊಳ್ಳುವ ಜಾತಿ ಅಂತ ಹೇಳಿ ಆರು ಗಿಟುಕು ತೆಗೆದಿಟ್ಟುಕೊಂಡಿದ್ದರು. ನಮ್ಮ ಕಡೆ ಮನೆ ಅಟ್ಟದ ಮೇಲೆ ಕಾಯಿ ಹತ್ತು ಹನ್ನೊಂದು ತಿಂಗಳು ಕೂತು ಕೊಬ್ಬರಿಯಾಗುತ್ತದೆ. ಅದರ ಕೆಳಗೆ ನಾವು ಮಲಗಿ, ಮದುವೆಯಾಗಿ, ಮಕ್ಕಳನ್ನು ಹೆತ್ತಿದ್ದೇವೆ. ಇಷ್ಟು ವರ್ಷ ಬಾಂಬಿನ ಕೆಳಗೆ ಸಂಸಾರ ಮಾಡಿದೆವಲ್ಲ ಅಂತ ಅವತ್ತೇ ಗೊತ್ತಾದದ್ದು.

ಕೌಂಟರಿನಲ್ಲಿ ಕೂತಿದ್ದ ಹೆಂಗಸು ಬಹಳ ಮರ್ಯಾದಸ್ಥೆ. ಒಂದು ಪ್ಲಾಸ್ಟಿಕ್ ಹಾಳೆ ಮುಂದಿಟ್ಟರು. ಅದರಲ್ಲಿ ಜಗತ್ತಿನ ಸೂಟ್‌ಕೇಸುಗಳೆಲ್ಲ ಜಾತಿವಾರು ನಿಂತಿದ್ದವು, ಒಂದೊಂದಕ್ಕೂ ಎರಡಂಕಿಯ ನಂಬರು. ನಿಮ್ಮದನ್ನು ಬೆರಳಲ್ಲಿ ತೋರಿಸಿ ಅಂದರು. ಹುಡುಗಿ ನೋಡಲು ಹೋದವನ ಮುಂದೆ ಫೋಟೋ ಹರಡಿದ ಹಾಗೆ. ಕಪ್ಪು, ಚಕ್ರದ್ದು, ನಿಲ್ಲಿಸುವಂಥದ್ದು ಅಂದೆ. ‘ವಿಶೇಷ ಗುರುತು?’ ಹಿಡಿಗೆ ನಮ್ಮಮ್ಮ ಕೆಂಪು ರವಿಕೆ ಬಟ್ಟೆ ಹರಿದು ಕಟ್ಟಿದ್ದಾಳೆ ಅಂದೆ. ‘ರೆಡ್ ಟೆಕ್ಸ್‌ಟೈಲ್’ ಅಂತ ಟೈಪ್ ಮಾಡಿಕೊಂಡರು. ಒಳಗೇನಿದೆ? ಬಟ್ಟೆ, ಚಾರ್ಜರ್, ಚಟ್ನಿಪುಡಿ. ‘ಪುಡಿ’ ಅಂದದ್ದೇ ಕೀಬೋರ್ಡ್ ಸದ್ದು ನಿಂತಿತು.

‘ಯಾವ ಪುಡಿ?’

‘ಕೆಂಪು ಪುಡಿ.’

‘ಏತಕ್ಕೆ ಬಳಸುತ್ತೀರಿ?’

‘ಅನ್ನ ಇಳಿಯದೇ ಇದ್ದಾಗ.’

‘ವೈದ್ಯಕೀಯ’ ಅಂತ ಬರೆದುಕೊಂಡರೋ ಏನೋ, ಮುಖದ ತುಂಬಾ ಮರುಕ ತುಂಬಿಕೊಂಡು ಹತ್ತು ಅಕ್ಷರದ ಒಂದು ನಂಬರು ಕೊಟ್ಟರು. ನಿಲ್ದಾಣಕ್ಕೆ ಮೂರು, ವಿಮಾನ ಕಂಪನಿಗೆ ಎರಡು, ಉಳಿದ ಐದು ನನ್ನ ಹಣೆಬರಹಕ್ಕೆ. ‘ಸೂಟ್‌ಕೇಸ್ ಎಲ್ಲಿದೆ ಮೇಡಂ?’ ಅಂದರೆ ‘ಸಿಸ್ಟಮ್ ಹುಡುಕುತ್ತಿದೆ’ ಅಂತ ನಕ್ಕರು.

ಇಲ್ಲೇ ನನಗೆ ಕೈಕಾಲು ಬಿದ್ದುಹೋದದ್ದು. ಊರಲ್ಲಿ ಬಸ್ಸಿನಲ್ಲಿ ಚೀಲ ಬಿಟ್ಟರೆ ನಾನು ಚೀಲ ಹುಡುಕಲ್ಲ, ಮನುಷ್ಯನನ್ನು ಹುಡುಕುತ್ತೇನೆ. ಕಂಡಕ್ಟರು ಯಾರು, ಅವನ ಡಿಪೋ ಯಾವುದು, ಅರಸೀಕೆರೆ ಬಸ್‌ಸ್ಟ್ಯಾಂಡಿನ ಕಂಟ್ರೋಲರಿಗೆ ಯಾರು ಗೊತ್ತು. ಮೂರು ಫೋನು, ಎರಡು ಟೀ, ಸಂಜೆಗೆ ಚೀಲ ವಾಪಸ್. ಇದನ್ನು ನಾವು ಭ್ರಷ್ಟಾಚಾರ ಅಂತ ಸಂಪಾದಕರಿಗೆ ಪತ್ರ ಬರೆಯುತ್ತೇವೆ, ನಮ್ಮ ಚೀಲ ಕಳೆದಾಗ ಮಾತ್ರ ಮಾನವೀಯತೆ ಅನ್ನುತ್ತೇವೆ. ಅಭ್ಯಾಸ ಬಲದಿಂದ ಆಕೆಯನ್ನೂ ಕೇಳಿದೆ: ‘ತಮ್ಮದು ಯಾವೂರು?’ ವಶೀಲಿಯ ಮೊದಲ ಮೆಟ್ಟಿಲು ಅದು. ‘ಬರ್ಲಿನ್’ ಅಂದರು. ಅಲ್ಲಿಗೆ ಮುಗಿಯಿತು. ನನಗೆ ಬರ್ಲಿನ್ನಿನ ಕಡೆ ಬೀಗರು ಯಾರೂ ಇಲ್ಲ.

ಕಾನೂನೇನೋ ನನ್ನ ಪರವಾಗಿಯೇ ಇದೆ. 1999ರ ಮಾಂಟ್ರಿಯಲ್ ಒಪ್ಪಂದದ ಪ್ರಕಾರ 21 ದಿನ ಕಳೆದರೂ ಬರದಿದ್ದರೆ ಸೂಟ್‌ಕೇಸ್ ಕಳೆದುಹೋದ ಲೆಕ್ಕ. ಅಲ್ಲಿಯವರೆಗೆ ಅದು ಕಳೆದಿಲ್ಲ, ತಡವಾಗಿದೆ. ಕಳೆದರೆ ಗರಿಷ್ಠ ಪರಿಹಾರ 1,519 ‘ಸ್ಪೆಷಲ್ ಡ್ರಾಯಿಂಗ್ ರೈಟ್ಸ್’. ಇದು ಐಎಂಎಫ್ ಲೆಕ್ಕಪತ್ರದಲ್ಲಿ ಮಾತ್ರ ಇರುವ, ಯಾರ ಜೇಬಿನಲ್ಲೂ ಇಲ್ಲದ ದುಡ್ಡು. ರೂಪಾಯಿಗೆ ತಿರುಗಿಸಿದರೆ ಒಂದೂಮುಕ್ಕಾಲು ಲಕ್ಷದ ಆಚೀಚೆ ಆಗುತ್ತದೆ. ಆದರೆ ಅದು ಮೇಲಿನ ಮಿತಿ. ನಷ್ಟ ಎಷ್ಟು ಅಂತ ನಾವೇ ತೋರಿಸಬೇಕು. ನನ್ನ ಅಂಗಿಗಳ ರಸೀದಿ ಇಲ್ಲ. ಚಟ್ನಿಪುಡಿಗೆ ಅಮ್ಮ ಜಿಎಸ್‌ಟಿ ಬಿಲ್ ಕೊಟ್ಟಿರಲಿಲ್ಲ.

ವಿಮೆ ಇರಲಿಲ್ಲವೇ ಅಂತ ಕೇಳಬಹುದು. ಇತ್ತು. ಷೆಂಗೆನ್ ವೀಸಾ ಬೇಕಾದರೆ ಕನಿಷ್ಠ 30,000 ಯೂರೋ ವೈದ್ಯಕೀಯ ವಿಮೆ ಕಡ್ಡಾಯ. ಸತ್ತರೆ ಹೆಣವನ್ನು ಊರಿಗೆ ಸಾಗಿಸುವ ಖರ್ಚೂ ಅದರಲ್ಲೇ. ನಾನು ಕೊಂಡ ಅಗ್ಗದ ಪಾಲಿಸಿಯಲ್ಲಿ ಅದರಾಚೆ ಏನೂ ಇರಲಿಲ್ಲ. ಅಂದರೆ ನಾನು ತಿಪಟೂರು ತಲುಪುವುದು ಖಾತ್ರಿಯಿತ್ತು. ಚಡ್ಡಿ ಬರ್ಲಿನ್ ತಲುಪುವುದಕ್ಕೆ ಯಾರೂ ಜಾಮೀನಿರಲಿಲ್ಲ.

ಚಡ್ಡಿ ಕೊಳ್ಳೋಣವೆಂದರೆ ಭಾನುವಾರ. ನಮ್ಮಲ್ಲಿ ಭಾನುವಾರ ಅಂದರೆ ಮಟನ್ ಅಂಗಡಿಯ ಮುಂದೆ ಸಾಲು. ಜರ್ಮನಿಯಲ್ಲಿ ಭಾನುವಾರದ ವಿಶ್ರಾಂತಿ ಸಂವಿಧಾನದ ಮಾತು. 1919ರ ವೈಮಾರ್ ಸಂವಿಧಾನದ 139ನೇ ವಿಧಿಯನ್ನು 1949ರಲ್ಲಿ ಹಾಗೇ ಎತ್ತಿ ಹೊಸದರಲ್ಲಿ ಇಟ್ಟುಕೊಂಡರು. ಹೀಗಾಗಿ ಊರಿಗೂರೇ ಶಟರ್ ಎಳೆದಿತ್ತು. ದೊಡ್ಡ ರೈಲ್ವೆ ಸ್ಟೇಷನ್ನಿನ ಅಂಗಡಿಗಳಿಗಷ್ಟೇ ವಿನಾಯಿತಿ, ಪ್ರಯಾಣಿಕರಿಗೆ ಬೇಕಾದದ್ದು ಮಾರಬಹುದು. ಪ್ರಯಾಣಿಕರಿಗೆ ಏನು ಬೇಕೆಂಬುದನ್ನು ಚೆನ್ನಾಗಿ ಯೋಚಿಸಿದ್ದಾರೆ. ಬ್ರಷ್ಷು, ಬಿಯರು, ಹದಿನಾಲ್ಕು ತರದ ಬ್ರೆಡ್ಡು. ಕೊನೆಗೆ ನೆನಪಿನ ಕಾಣಿಕೆಗಳ ಅಂಗಡಿಯಲ್ಲಿ, ಬರ್ಲಿನ್ನಿನ ಲಾಂಛನವಾದ ಕರಡಿ ಎದುರುಗಡೆಯೇ ನಿಂತು ಕೈ ಎತ್ತಿರುವ ಒಂದು ಚಡ್ಡಿ ಸಿಕ್ಕಿತು. ಹದಿನೇಳು ಯೂರೋ. ಒಂದು ದೇಶದ ಸಂವಿಧಾನವನ್ನು ಇಷ್ಟು ಹತ್ತಿರದಿಂದ ಅನುಭವಿಸಿದವರು ಕಮ್ಮಿ.

ಫೋನಿನಲ್ಲಿ ಹದಿನೆಂಟು ಪರ್ಸೆಂಟು ಚಾರ್ಜ್ ಉಳಿದಿತ್ತು. ಮನೆಯವರ ವಾಟ್ಸಾಪ್ ಗುಂಪಿಗೆ ಒಂದು ಸಾಲು ಹಾಕಿದ್ದೇ ತಪ್ಪಾಯಿತು. ಚಿಕ್ಕಪ್ಪ ವಾಯ್ಸ್ ಮೆಸೇಜ್ ಕಳಿಸಿದರು: ‘ಲೋ, ಹೆದ್ರಬ್ಯಾಡ. ಮಂಡಿ ಶೆಟ್ರ ಅಳಿಯ ಲಂಡನ್ನಲ್ಲವ್ನೆ. ಪಕ್ಕದ್ದೇ ಅಲ್ವಾ? ನಾನು ಮಾತಾಡ್ತೀನಿ ಬಿಡು.’ ಅತ್ತೆ ಊರಮ್ಮನಿಗೆ ಮಡಿಲಕ್ಕಿ ಹೇಳಿಕೊಂಡರು. ಅಣ್ಣ, ‘ನಾನಾಗಿದ್ರೆ ಅಲ್ಲೇ ಗಲಾಟೆ ಮಾಡ್ತಿದ್ದೆ’ ಅಂದ. ಅವನು ಹೊಸೂರಿನಾಚೆ ಹೋದವನಲ್ಲ. ಅಮ್ಮನದು ಒಂದೇ ಚಿಂತೆ: ‘ಬಟ್ಟೆ ಹೋದ್ರೆ ಹೋಗ್ಲಿ ಕಣೋ, ಚಟ್ನಿಪುಡಿ ಡಬ್ಬಿ ಸ್ಟೀಲಿಂದು. ಅದೊಂದಾದ್ರೂ ತರ್ಸು.’ ಹದಿನೆಂಟು ಪರ್ಸೆಂಟಿನಲ್ಲಿ ಹದಿನೇಳು ಸಾಂತ್ವನಕ್ಕೇ ಹೋಯಿತು.

ನಾನು ಹೋಗಬೇಕಿದ್ದದ್ದು ಡುಸೆಲ್‌ಡಾರ್ಫಿಗೆ, ಒಂದು ಮೇಳಕ್ಕೆ. ಬರ್ಲಿನ್ನಿಗೆ ಟಿಕೆಟ್ಟು ಎರಡು ಸಾವಿರ ಅಗ್ಗವೆಂದು ಅಲ್ಲಿ ಇಳಿದಿದ್ದೆ. ರೈಲು ಹತ್ತಿದೆ. ಆ ದಾರಿಯ ರೈಲು ಹಾಮ್ ಎಂಬ ಊರಿನಲ್ಲಿ ಎರಡು ಹೋಳಾಗುತ್ತದೆ. ಒಂದು ಹೋಳು ಡಾರ್ಟ್‌ಮುಂಡ್, ಎಸೆನ್ ಮೇಲೆ ಡುಸೆಲ್‌ಡಾರ್ಫಿನ ಕಡೆ, ಇನ್ನೊಂದು ವುಪ್ಪರ್‌ಟಾಲ್ ಮೇಲೆ ಕೋಲ್ನಿನ ಕಡೆ. ಎರಡು ಭಾಷೆಯಲ್ಲಿ ಹೇಳಿದರಂತೆ, ಬೋರ್ಡಿನಲ್ಲೂ ಹಾಕಿದ್ದರಂತೆ. ಅರಸೀಕೆರೆ ಜಂಕ್ಷನ್ನಿನಲ್ಲಿ ಗಾಡಿ ಬದಲಿಸುತ್ತಲೇ ದೊಡ್ಡವನಾದ ನಾನು, ಕರಡಿ ಚಡ್ಡಿ ಧರಿಸಿ, ತಪ್ಪು ಹೋಳಿನಲ್ಲಿ ಗಾಢ ನಿದ್ದೆಯಲ್ಲಿದ್ದೆ. ಇದಕ್ಕೆ ಯಾರನ್ನೂ ಬೈಯುವಂತಿಲ್ಲ ಎನ್ನುವುದೇ ದೊಡ್ಡ ಸಂಕಟ. ಒಬ್ಬರೇ ಹೊರಟರೆ ತಪ್ಪನ್ನು ದಾಟಿಸಲು ಪಕ್ಕದಲ್ಲಿ ಹೆಂಡತಿಯೂ ಇರುವುದಿಲ್ಲ.

ಇಳಿದದ್ದು ವುಪ್ಪರ್‌ಟಾಲಿನಲ್ಲಿ. ಅಲ್ಲಿ 1901ರಿಂದ ಒಂದು ರೈಲು ನದಿಯ ಮೇಲೆ ತಲೆಕೆಳಗಾಗಿ, ಬಾವಲಿಯ ಹಾಗೆ ನೇತಾಡಿಕೊಂಡು ಓಡುತ್ತಿದೆ. ಬೆಂಚಿನ ಮೇಲಿದ್ದ ಅಜ್ಜನೊಬ್ಬರು ನನ್ನ ಕತೆ ಕೇಳಿ, ಸಮಾಧಾನಕ್ಕೋ ಎಂಬಂತೆ ಟುಫಿಯ ಕತೆ ಹೇಳಿದರು. ಟುಫಿ ನಮ್ಮ ಏಷ್ಯಾದ ಕಡೆಯ ಆನೆಮರಿ. 1950ರ ಜುಲೈನಲ್ಲಿ ಸರ್ಕಸ್ಸಿನವರು ಪ್ರಚಾರಕ್ಕಾಗಿ ಅದನ್ನು ಈ ರೈಲಿಗೆ ಹತ್ತಿಸಿದರು. ಪತ್ರಕರ್ತರ ಗುಂಪು ಬೇರೆ. ಗಾಡಿ ಹೊರಟಿದ್ದೇ ಟುಫಿಗೆ ಗಾಬರಿಯಾಯಿತು. ಫಾರ್ಮ್ ಕೇಳಲಿಲ್ಲ, ನಂಬರು ಪಡೆಯಲಿಲ್ಲ, ಗೋಡೆ ಒಡೆದು ಸೀದಾ ವುಪ್ಪರ್ ನದಿಗೆ ಹಾರಿತು. ಸಣ್ಣಪುಟ್ಟ ಗಾಯದಲ್ಲಿ ಬದುಕಿತು. ಸರ್ಕಸ್ ಮಾಲೀಕನಿಗೂ, ಅನುಮತಿ ಕೊಟ್ಟ ಅಧಿಕಾರಿಗೂ ದಂಡ ಬಿತ್ತು. ಅಷ್ಟೊಂದು ಪತ್ರಕರ್ತರಿದ್ದರೂ ಹಾರಿದ ಕ್ಷಣದ ಒಂದು ಫೋಟೋ ಇಲ್ಲ. ಮಾರುವ ಪೋಸ್ಟ್‌ಕಾರ್ಡಿನ ಚಿತ್ರ ಅಂಟಿಸಿ ಮಾಡಿದ್ದು. ಮುಂದೆ ಅದರ ಹೆಸರಲ್ಲಿ ಹಾಲಿನ ಬ್ರ್ಯಾಂಡೂ ಬಂತು. ನಮ್ಮ ಕಡೆಯವರು ವಿದೇಶದಲ್ಲಿ ನ್ಯಾಯ ಪಡೆದ ಉದಾಹರಣೆ ನನಗೆ ಗೊತ್ತಿರುವುದು ಇದೊಂದೇ, ಅದಕ್ಕೂ ಗೋಡೆ ಒಡೆಯಬೇಕಾಯಿತು.

ಸೂಟ್‌ಕೇಸ್ ಬಂದದ್ದು ಹದಿನೆಂಟನೇ ದಿನ. ನಾನು ವಾಪಸಾಗಿ ಹತ್ತು ದಿನವಾಗಿತ್ತು. 21ಕ್ಕೆ ಇನ್ನೂ ಮೂರು ದಿನ ಬಾಕಿಯಿದ್ದುದರಿಂದ ಅದು ಕಳೆದೇ ಇರಲಿಲ್ಲ. ಕೊರಿಯರ್ ಹುಡುಗ ‘ಮಿಸ್ಟರ್ ತಿಪಟೂರು, ತಿಪಟೂರು’ ಅನ್ನುವ ವಿಳಾಸ ಹಿಡಿದು ಊರೆಲ್ಲ ಸುತ್ತಿ, ಕಡೆಗೆ ಹಿಡಿಯ ಕೆಂಪು ಬಟ್ಟೆ ನೋಡಿದ ಯಾರೋ ‘ಇದು ಅವರಮ್ಮನ ರವಿಕೇದು’ ಅಂತ ದಾರಿ ತೋರಿಸಿದರಂತೆ. ಅಮ್ಮ ಡಬ್ಬಿ ತೆಗೆದು, ತಳ ತಟ್ಟಿ ನೋಡಿ, ನೆಗ್ಗಿಲ್ಲವೆಂದು ಖಾತ್ರಿ ಮಾಡಿಕೊಂಡು ಒಳಗೆ ಹೋದಳು.

ಸಂಜೆ ಚಿಕ್ಕಪ್ಪ ಬಂದರು. ಸೂಟ್‌ಕೇಸನ್ನು ಕಾಲಲ್ಲಿ ಮೆಲ್ಲಗೆ ಸರಿಸಿ, ಕುರ್ಚಿ ಎಳೆದು ಕೂತರು.

‘ನೋಡ್ದಾ? ಶೆಟ್ರ ಅಳಿಯಂಗೆ ಒಂದು ಮಾತು ಹಾಕ್ಸಿದ್ದೆ. ನಾಳೆ ಮಂಡಿ ಕಡೆ ಹೋಗಿ ಒಂದು ಥ್ಯಾಂಕ್ಸ್ ಹೇಳ್ಬುಟ್ಟು ಬಾ.’